ತಿರುಗಿ ಬಂದ ತೆಂಗಿನಕಾಯಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಜುಟ್ಟಿರುವ ಒಂದು ತೆಂಗಿನಕಾಯಿ ಕೂತಿದೆ. ಜುಟ್ಟಿನ ಮಾತನ್ನು ಮೊದಲೇ ಎತ್ತಿದ್ದಕ್ಕೆ ನಗಬೇಡಿ. ಬಹ್ರೈನಿನ ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲಿ ಕಾಯಿಗಳನ್ನು ಆಗಷ್ಟೇ ಸಲೂನಿನಿಂದ ಎದ್ದು ಬಂದವರ ಹಾಗೆ ನುಣ್ಣಗೆ ಬೋಳಿಸಿ, ಪ್ಲಾಸ್ಟಿಕ್ ಸುತ್ತಿ, ಸೇಬು ಕಿತ್ತಳೆಗಳ ಪಕ್ಕದಲ್ಲಿ ತಣ್ಣಗೆ ಕೂರಿಸಿರುತ್ತಾರೆ. ಚಟ್ನಿಗೆ, ಮೀನಿನ ಗಸಿಗೆ ಅದು ಧಾರಾಳ ಸಾಕು. ದೇವರ ಮುಂದೆ ಇಡುವುದಕ್ಕೆ ಮಾತ್ರ ಬೋಳುಕಾಯಿ ಆಗುವುದಿಲ್ಲ. ಜುಟ್ಟಿನ ಕಾಯಿ ಬೇಕೆಂದರೆ ಮನಾಮಾದ ಹಳೆಯ ಪೇಟೆಗೆ, ದೇವಸ್ಥಾನದ ಓಣಿಯ ಹೂವಿನ ಅಂಗಡಿಗೇ ಹೋಗಬೇಕು. ಅಲ್ಲಿಯವರು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ನೀರಿನ ಸದ್ದನ್ನು ನಮಗೂ ಕೇಳಿಸಿ, ಆಮೇಲಷ್ಟೇ ಚೀಲಕ್ಕೆ ಹಾಕುತ್ತಾರೆ. ಇಷ್ಟು ಮರ್ಯಾದೆಯಿಂದ ಮನೆಗೆ ಬಂದ ಈ ಕಾಯಿಯನ್ನು ನಾವು ಒಡೆಯುವುದಿಲ್ಲ, ತುರಿಯುವುದಿಲ್ಲ. ಬರುವ ನೂಲಹುಣ್ಣಿಮೆಯಂದು ಇಡಿಯಾಗಿ ಕಡಲಿಗೆ ಒಪ್ಪಿಸುತ್ತೇವೆ.

ಸುತ್ತಲೂ ನೀರಿರುವ ದ್ವೀಪದಲ್ಲಿ ಕಡಲಿಗೆ ಒಂದು ಕಾಯಿ ಹಾಕುವುದು ಎಂತ ದೊಡ್ಡ ಕೆಲಸ ಎಂದು ನಿಮಗೆ ಅನ್ನಿಸಬಹುದು. ಹೋದ ವರ್ಷದವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಈ ದೇಶದ ಹೆಸರಿಗೇ ಎರಡು ಕಡಲು ಎಂಬ ಅರ್ಥವಂತೆ. ಒಂದಲ್ಲ, ಎರಡೆರಡು ಕಡಲುಗಳನ್ನು ಹೆಸರಿನಲ್ಲೇ ಇಟ್ಟುಕೊಂಡ ಊರಿನಲ್ಲಿ, ಒಂದು ಶುಕ್ರವಾರ, ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕಡಲೆಲ್ಲಿ ಎಂದು ಹುಡುಕಿ ಹೊರಟವರು ನಾವಿಬ್ಬರು, ನಾನು ಮತ್ತು ನಮ್ಮವರು.

ನಮ್ಮವರು ಎಂದರೆ ಶೇಖರ, ಮಲ್ಪೆಯ ಮೀನುಗಾರರ ಮನೆಯ ಹಿರಿಯ ಮಗ. ನನ್ನ ತವರು ಕಾರ್ಕಳದ ಕಡೆ. ನಮಗೆಲ್ಲ ಕಡಲೆಂದರೆ ಶಾಲೆಯ ಪ್ರವಾಸದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತ ಜಾಗ, ಅಷ್ಟೇ. ಮದುವೆಯಾಗಿ ಮಲ್ಪೆಗೆ ಬಂದ ಮೇಲೆಯೇ ಗೊತ್ತಾದದ್ದು, ಕಡಲಿಗೂ ತನ್ನದೇ ಒಂದು ದಿನ ಉಂಟು, ಆ ದಿನ ಅದಕ್ಕೆ ಹಾಲೆರೆದು, ಹೂ ಹಾಕಿ, ಕಾಯಿ ಕೊಟ್ಟು, ನಮ್ಮ ಗಂಡಸರನ್ನು ಕಳಿಸುತ್ತಿದ್ದೇವೆ, ಹಿಂದೆ ಕೊಡು ತಾಯಿ ಎಂದು ಕೈಮುಗಿಯುತ್ತಾರೆ ಎಂದು. ಕೊಟ್ಟ ಕಾಯಿ ಇಳಿತದ ನೀರಿನ ಜತೆ ಹೊರಕ್ಕೆ ಹೋಗಬೇಕು. ಹೋದರೆ ಕಡಲು ತೆಗೆದುಕೊಂಡಿತು ಎಂದು ಎಲ್ಲರಿಗೂ ಸಮಾಧಾನ. ತಿರುಗಿ ಬಂದರೆ ಎಂತ ಮಾಡುವುದು ಎಂದು ಹೊಸ ಸೊಸೆಯ ಉತ್ಸಾಹದಲ್ಲಿ ನಾನು ಕೇಳಿದ್ದೆ. ಅಂಥ ಮಾತು ಆಡಬಾರದು ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದ್ದರು. ಆ ಪ್ರಶ್ನೆ ಹಾಗೆಯೇ ನನ್ನ ಹೊಟ್ಟೆಯಲ್ಲಿ ಉಳಿದುಹೋಗಿತ್ತು.

ಹೋದ ವರ್ಷ ಆ ಪ್ರಶ್ನೆಗೆ ಜೀವ ಬಂತು. ನನ್ನ ಮೈದುನ ದಿನೇಶನ ದೋಣಿ ಅದಕ್ಕೂ ಎರಡು ಮಳೆಗಾಲದ ಹಿಂದೆ ಅಳಿವೆಯ ಬಾಯಿಯಲ್ಲಿ ಮಗುಚಿತ್ತು. ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆಯನ್ನು ಅಪ್ಪಿಕೊಂಡು ಅವನು ಹೇಗೋ ದಡ ಸೇರಿದ್ದ. ಅಂದಿನಿಂದ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಕೆಲಸ ಹಿಡಿದವನು, ಚಹಾ ಕುಡಿಯುವಾಗಲೂ ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದ. ಅಂಥವನು ಹೋದ ವರ್ಷ ಗೆಳೆಯರ ಜತೆ ಸೇರಿ ಹೊಸ ದೋಣಿ ಮಾಡಿಕೊಂಡು, ಹುಣ್ಣಿಮೆಯ ಮರುದಿನ ಬೆಳಿಗ್ಗೆ ಇಳಿಯುತ್ತೇನೆ ಎಂದುಬಿಟ್ಟ. ಅತ್ತೆ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ನಮಗೆ ಫೋನ್ ಮಾಡಿದರು. ಮನೆಯಲ್ಲಿ ನಮ್ಮ ಮಾತೆಲ್ಲ ತುಳು. ಅವರ ಮಾತನ್ನು ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ.

"ಈ ಸಲ ಮರೆಯಬಾರದು ಮಗಳೇ. ಇಲ್ಲಿಂದ ನಾನು ಕೊಡ್ತೇನೆ, ಅಲ್ಲಿಂದ ನೀವು ಕೊಡಿ. ನೀರು ಒಂದೇ ಅಲ್ವಾ? ಎರಡು ಕಡೆ ನಾವು ಹಿಡ್ಕೊಂಡ್ರೆ ನಡುವೆ ಅವನು ಹೋಗಿ ಬರ್ತಾನೆ."

ಹಾಸಿಗೆಯ ಬಟ್ಟೆಯನ್ನು ಇಬ್ಬರು ಎರಡು ತುದಿ ಹಿಡಿದು ಕೊಡವುವ ಹಾಗೆ ಅಷ್ಟು ಸಲೀಸಾಗಿ ಅತ್ತೆ ಅರಬ್ಬೀ ಸಮುದ್ರದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟುಬಿಟ್ಟಿದ್ದರು. ನೀರು ನಿಜವಾಗಿ ಒಂದೇ ಹೌದೋ ಎಂದು ನನಗೆ ಕುತೂಹಲ. ಫೋನಿನಲ್ಲಿ ಭೂಪಟ ತೆರೆದು, ಮಲ್ಪೆಯಲ್ಲಿ ಬೆರಳಿಟ್ಟು, ಮೆಲ್ಲಗೆ ಎಳೆಯುತ್ತ ಹೋದೆ. ಒಮಾನಿನ ದಂಡೆ ಸವರಿ, ಹೋರ್ಮುಜಿನ ಇಕ್ಕಟ್ಟಿನಲ್ಲಿ ನುಸುಳಿ, ಎಡಕ್ಕೆ ತಿರುಗಿ ಬಹ್ರೈನಿಗೆ ಬಂದೆ. ಬೆರಳು ಎಲ್ಲೂ ನೆಲಕ್ಕೆ ತಾಗಲಿಲ್ಲ. ಅತ್ತೆ ಯಾವ ಭೂಪಟವನ್ನೂ ನೋಡಿದವರಲ್ಲ.

ಈಗ ಈ ಊರಿನ ವಿಷಯ ಹೇಳಬೇಕು. ಊರಿನಿಂದ ನೆಂಟರು ಬಂದಾಗ ನಾವು ತೋರಿಸುವ ಜಾಗಗಳು ಎಲ್ಲರಿಗೂ ಗೊತ್ತಿರುವಂಥವೇ: ಹಾಯಿ ಬಿಚ್ಚಿ ನಿಂತ ಹಡಗುಗಳಂಥ ಜೋಡಿ ಗೋಪುರ, ಅದರ ನಡುವೆ ತೊಲೆಗಳಿಗೆ ಸಿಕ್ಕಿಸಿದ ಮೂರು ರಾಕ್ಷಸ ಫ್ಯಾನು, ಮರಳುಗಾಡಿನ ನಡುವೆ ಯಾವ ನೀರು ಕುಡಿದು ಬದುಕಿದೆಯೋ ಯಾರಿಗೂ ತಿಳಿಯದ ಒಂಟಿ ಮರ, ಸೌದಿಗೆ ಹೋಗುವ ಉದ್ದದ ಸೇತುವೆ, ಪೇಟೆಯ ಬಾಗಿಲಿನಂತಿರುವ ಬಾಬ್ ಅಲ್ ಬಹ್ರೈನ್. ಮನುಷ್ಯರು ಫ್ಯಾನು ತಿರುಗಿಸಿ ಗಾಳಿ ಮಾಡಿಕೊಳ್ಳುವುದನ್ನು ಕಂಡಿದ್ದ ನನ್ನ ತಮ್ಮ, ಇಲ್ಲಿ ಗಾಳಿಯೇ ಬಂದು ಫ್ಯಾನು ತಿರುಗಿಸಿ ಕರೆಂಟು ಮಾಡಿಕೊಡುವುದನ್ನು ನೋಡಿ ಅರ್ಧ ಗಂಟೆ ಬಿಸಿಲಿನಲ್ಲಿ ಕದಲದೆ ನಿಂತಿದ್ದ. ಆದರೆ ನಮ್ಮವರ ಜತೆ ಊರು ನೋಡಲು ಹೊರಟರೆ ಅದರ ಗಮ್ಮತ್ತೇ ಬೇರೆ. ಅವರದು ದೊಡ್ಡ ಕಟ್ಟಡಗಳಿಗೆ ತಂಪು ಕಳಿಸುವ ಪಂಪು, ಚಿಲ್ಲರುಗಳ ಕೆಲಸ. ಜನ ಹೊರಗಿನಿಂದ ಬಾಯಿ ಬಿಟ್ಟು ನೋಡುವುದನ್ನೆಲ್ಲ ಇವರು ಒಳಗಿನಿಂದ, ಅದೂ ನೆಲಮಾಳಿಗೆಯಿಂದ ಬಲ್ಲರು. ಚಿನ್ನದ ಬಣ್ಣದ ಗಾಜಿನ ಹೋಟೆಲನ್ನು ತೋರಿಸಿ ಎಷ್ಟು ಚೆಂದ ಎಂದರೆ, "ಚೆಂದ ಹೌದು, ಎರಡನೇ ಪಂಪಿನ ಬೇರಿಂಗ್ ಹೋಗಿದೆ" ಎನ್ನುತ್ತಾರೆ. ಇಂಥವರನ್ನು ಕಟ್ಟಿಕೊಂಡು ತಾಜ್‌ಮಹಲಿಗೆ ಹೋದರೂ ಗಟಾರ ಎಲ್ಲಿದೆ ಎಂದು ನೋಡಿಯಾರು.

ನನಗೆ ಎಲ್ಲಕ್ಕಿಂತ ಸೋಜಿಗ ಆ ಬಾಬ್ ಅಲ್ ಬಹ್ರೈನ್. ಕಟ್ಟಿದಾಗ ಅದು ಕಡಲಿನ ದಡದಲ್ಲೇ ಇತ್ತಂತೆ. ಹಡಗಿನಿಂದ ಇಳಿದವರು ಅದನ್ನು ದಾಟಿಯೇ ಊರಿನೊಳಕ್ಕೆ ಬರುತ್ತಿದ್ದರಂತೆ. ಈಗ ಅದರ ಮುಂದೆ ರಸ್ತೆ, ಅದರಾಚೆ ಗೋಪುರಗಳು, ಅದರಾಚೆ ಇನ್ನೊಂದು ರಸ್ತೆ. ಮಣ್ಣು ಸುರಿದು ಸುರಿದು ಊರು ಬೆಳೆಯಿತು, ಕಡಲು ಹಿಂದೆ ಹಿಂದೆ ಸರಿಯಿತು. ಜಾತ್ರೆಯ ಗದ್ದಲದಲ್ಲಿ ಕೈಬಿಟ್ಟುಹೋದವರಿಗಾಗಿ ಕಾಯುವ ಹಿರಿಯರ ಹಾಗೆ ಬಾಗಿಲು ಮಾತ್ರ ಇದ್ದಲ್ಲೇ ಇದೆ. ಆ ಬಾಗಿಲ ನೆರಳಲ್ಲಿ ನಿಂತು, ನನ್ನ ಕಾಲಡಿಯಲ್ಲಿ ಒಂದು ಕಾಲದಲ್ಲಿ ಏಡಿ ಓಡಾಡುತ್ತಿತ್ತಲ್ಲ ಎಂದು ಯೋಚಿಸುವುದು ನನಗೊಂದು ಚಟ. ಇದನ್ನು ದೂರಿನ ಮಾತೆಂದು ತಿಳಿಯಬೇಡಿ. ಹೀಗೆ ತುಂಬಿದ ನೆಲದ ಮೇಲೆ ಎದ್ದ ಕಟ್ಟಡಗಳಿಗೆ ತಂಪು ಕಳಿಸಿಯೇ ನಮ್ಮವರು ಸಂಬಳ ತಂದದ್ದು, ಮಲ್ಪೆಯ ಮನೆಗೆ ಹೊಸ ಹೆಂಚಿನ ಮಾಡು ಬಂದದ್ದು. ಕಡಲಿನ ಜಾಗದಲ್ಲೇ ಒಲೆ ಹೂಡಿ ಉಂಡವರು ನಾವು. ಕಡಲಿಗೆ ಕಾಯಿ ಕೊಡುವಾಗ ನನ್ನ ಕೈ ಸ್ವಲ್ಪ ನಾಚುವುದು ಅದಕ್ಕೇ.

ಹುಣ್ಣಿಮೆ ಶುಕ್ರವಾರವೇ ಬಂದಿತ್ತು, ರಜೆ. ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಮನೆಯಲ್ಲಿ ಸ್ನಾನ ಮುಗಿಸಿ, ಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಜುಟ್ಟಿಗೆ ಕೆಂಪು ನೂಲು ಸುತ್ತಿ, ಬಾಟಲಿಯಲ್ಲಿ ಹಾಲು ತುಂಬಿಕೊಂಡು, ಬಿಸಿಲು ತುಸು ಬಾಗಿದ ಮೇಲೆ ಹೊರಟೆವು. ಆಗಸ್ಟಿನ ಸೆಕೆ ಹೇಗೆಂದರೆ, ಕಾರಿನಿಂದ ಇಳಿದ ಕೂಡಲೇ ಕನ್ನಡಕ ಮಂಜಾಗಿ ಊರೇ ಮಾಯ. ಪ್ರತಿ ವರ್ಷ ನಾವು ಹೋಗುತ್ತಿದ್ದದ್ದು ಮನಾಮಾದ ಬಡಗು ದಿಕ್ಕಿನ ಒಂದು ಕಲ್ಲಿನ ದಡಕ್ಕೆ. ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರೆ ದಡವೇ ಇಲ್ಲ. ಅದರ ಜಾಗದಲ್ಲಿ ಆಳೆತ್ತರದ ತಗಡಿನ ಗೋಡೆ, ಗೋಡೆಯ ಉದ್ದಕ್ಕೂ ಕಡಲಿನ ಚಿತ್ರ. ನೀಲಿ ನೀರು, ಬಿಳಿ ದೋಣಿ, ಎಲ್ಲ ಹಲ್ಲು ತೋರಿಸಿ ನಗುವ ಗಂಡ ಹೆಂಡತಿ ಮಗು. ಹಿಂದೆ ಲಾರಿಗಳು ಮರಳು ಸುರಿಯುವ ಸದ್ದು.

"ಅಯ್ಯೋ ದೇವರೇ, ಕಡಲನ್ನು ಮುಚ್ಚಿ ಕಡಲಿನದ್ದೇ ಫೋಟೋ ಹಾಕಿದ್ದಾರಲ್ಲ ಮಾರಾಯ್ರೆ!" ಎಂದೆ.

"ಗಾಬರಿ ಮಾಡ್ಬೇಡ. ಆಚೆ ಹೊಸ ಪ್ರಾಜೆಕ್ಟ್ ಉಂಟು, ನೀರಿಗೆ ಇಳಿಯುವ ಮೆಟ್ಟಿಲೇ ಕಟ್ಟಿದ್ದಾರೆ," ಎಂದರು ನಮ್ಮವರು.

ಮೆಟ್ಟಿಲು ಇತ್ತು, ಅದೂ ಅಮೃತಶಿಲೆಯಂತೆ ಹೊಳೆಯುವಂಥದ್ದು. ಎರಡೂ ಕಡೆ ಖರ್ಜೂರದ ಸಾಲುಮರ, ಕಾಫಿ ಅಂಗಡಿಗಳು, ನಡುವೆ ಕಾಲುವೆಗಳಾಗಿ ಸುತ್ತಿಕೊಂಡು ಹೋಗುವ ಹಸಿರು ನೀಲಿ ನೀರು. ನನಗೆ ಖುಷಿಯೇ ಆಯಿತು. ಸೀರೆಯ ನೆರಿಗೆ ಒದ್ದೆಯಾಗದೆ ಪೂಜೆ ಮಾಡುವ ಭಾಗ್ಯ ಯಾರಿಗುಂಟು? ಹಾಲೆರೆದೆವು. ದಿನೇಶನ ಹೆಸರು ಹೇಳಿ, ಇಬ್ಬರೂ ಕಾಯಿಗೆ ಕೈ ಸೇರಿಸಿ ನೀರಿಗೆ ಬಿಟ್ಟೆವು. ಜುಟ್ಟು ಮೇಲೆ ಮಾಡಿಕೊಂಡು ಅದು ಮೆಲ್ಲಗೆ ತಿರುವಿನಾಚೆ ಹೋಯಿತು. ಎದೆ ಹಗುರವಾಗಿ, ಇಲ್ಲಿಯವರ ಗಟ್ಟಿ ಕರಕ್ ಚಹಾ ಕುಡಿಯಲು ಕೂತೆವು. ಕುಡಿದು ಕೈ ತೊಳೆಯಲು ಮೆಟ್ಟಿಲಿಗೆ ಇಳಿಯುತ್ತೇನೆ, ಏನು ನೋಡುವುದು! ಒಂದು ಕಾಗದದ ಲೋಟವನ್ನು ಜತೆ ಮಾಡಿಕೊಂಡು, ಕೆಂಪು ನೂಲಿನ ಜುಟ್ಟು ಕುಣಿಸುತ್ತ, ಇನ್ನೊಂದು ಕಡೆಯಿಂದ ನಮ್ಮ ಕಾಯಿ ಬರುತ್ತಿದೆ. ಬಂದು ಕೆಳಗಿನ ಮೆಟ್ಟಿಲಿಗೆ ಟಪ್ ಎಂದು ತಾಗಿ ನಿಂತಿತು.

ನಮ್ಮವರು ಕಾಯಿಯನ್ನು ನೋಡಲಿಲ್ಲ, ನೀರನ್ನು ನೋಡಿದರು. ಬಗ್ಗಿ ಅಂಗೈಯನ್ನು ನೀರಿಗೆ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೆಯೇ ಕೂತರು. ಆಮೇಲೆ ಅವರ ಮುಖ ಕೆಂಪಾಯಿತು.

"ಪಂಪ್ ಮಾರಾಯ್ತಿ. ಪಂಪಲ್ಲಿ ತಿರುಗಿಸ್ತಿದ್ದಾರೆ. ಇದು ಮಾಡು ಹಾಕದ ಪ್ಲಾಂಟ್ ರೂಮ್, ಪಂಪಿನ ಕೋಣೆ."

ಕಡಲಿನ ನೀರನ್ನೇ ಒಳಗೆ ಬಿಟ್ಟುಕೊಂಡು, ಗೇಟು ಹಾಕಿ, ಕೊಳೆಯದಂತೆ ಸುತ್ತು ಹೊಡೆಸುವ ವ್ಯವಸ್ಥೆ ಅದು. ಹುಟ್ಟಿದ್ದು ಮೀನುಗಾರರ ಮನೆಯಲ್ಲಿ, ದುಡಿಯುವುದು ಪಂಪುಗಳ ನಡುವೆ. ಅಂಥ ಮನುಷ್ಯ ಪಂಪಿನ ನೀರಿಗೆ ಕಡಲೆಂದು ಕೈಮುಗಿದಿದ್ದ! ಬೇರೆ ದಿನವಾಗಿದ್ದರೆ ನಾನು ಒಂದು ವಾರ ಆಡಿಕೊಂಡು ನಗುತ್ತಿದ್ದೆ. ಅಂದು ಮಾತ್ರ ಅಳು ಬಂತು. ಬೆಳಗಾದರೆ ದಿನೇಶ ನೀರಿಗೆ ಇಳಿಯುತ್ತಾನೆ, ನನ್ನ ಕೈಗೆ ಕೊಟ್ಟ ತುದಿ ಕೈಜಾರಿ ಬಿದ್ದಿದೆ ಎಂದೇ ಅನ್ನಿಸಿತು. ಆ ಹೊತ್ತಿಗೆ ನಂಬಿಕೆ, ಹೆದರಿಕೆ ಎರಡೂ ಒಂದೇ ಆಗಿದ್ದವು. ಕಾಯಿಯನ್ನು ಎತ್ತಿ ಸೆರಗಿನಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡೆ. ಅತ್ತೆಗೆ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡೆವು.

ಅಲ್ಲಿಂದ ತೆಂಕಣಕ್ಕೆ ತಿರುಗಿದೆವು. ದಾರಿಯುದ್ದಕ್ಕೂ ನೀರು ಕಾಣುತ್ತಲೇ ಇತ್ತು, ಹತ್ತಿರ ಹೋದರೆ ಬೇಲಿ, ಇಲ್ಲವೇ ಹೋಟೆಲಿನವರ ಕಾವಲು, ಇಲ್ಲವೇ ಮರಳಿನ ಗುಡ್ಡ. ಕಡಲು ಕಾಣುವ ಫ್ಲ್ಯಾಟುಗಳು ಮಾರಾಟಕ್ಕಿವೆ ಎಂಬ ಫಲಕಗಳಿಗೆ ಮಾತ್ರ ಲೆಕ್ಕವಿಲ್ಲ. ಕಾಣುವುದು ಒಂದು, ಮುಟ್ಟುವುದು ಇನ್ನೊಂದು ಎಂದು ನನಗೆ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ತಿಳಿದಿರಲಿಲ್ಲ. ಸನದ್ ದಾಟಿ, ಸಿತ್ರಾದ ಮೂಡಣ ಅಂಚಿಗೆ ಬಂದಾಗ, ಮೀನಿನ ವಾಸನೆ ಮೊದಲು ಬಂತು, ಆಮೇಲೆ ನೀರು. ನಮ್ಮವರು ಮೂಗರಳಿಸಿ, "ಇದು ಸರಿ," ಎಂದರು. ಬಲೆಗಳ ರಾಶಿ, ಮೀನು ಹಿಡಿಯಲು ನೀರಿಗೆ ಇಳಿಸುವ, ಗರ್ಗೂರ್ ಎಂದು ಕರೆಯುವ ಗುಮ್ಮಟದಂಥ ತಂತಿಬುಟ್ಟಿಗಳು, ಹತ್ತಾರು ಸಣ್ಣ ದೋಣಿಗಳು. ಆದರೆ ಇಳಿತ ಎಷ್ಟಾಗಿತ್ತೆಂದರೆ ದಡದಿಂದ ಬಹುದೂರದವರೆಗೆ ಬರೀ ಕೆಸರು. ನೀರಿದ್ದದ್ದು ದೋಣಿಗಳು ಹೊರಡುವ ಸಣ್ಣ ತೋಡಿನಲ್ಲಿ ಮಾತ್ರ.

ಅಲ್ಲಿ ಒಬ್ಬ ಹಿರಿಯರು ಬುಟ್ಟಿಗಳನ್ನು ದೋಣಿಗೆ ಏರಿಸುತ್ತಿದ್ದರು, ಹೆಸರು ಅಬು ಜಾಸಿಮ್. ಸಲಾಂ ಹೇಳಿದೆವು. ಅವರು ನನ್ನ ಮಡಿಲಿನ ಕಾಯಿಯನ್ನೇ ನೋಡಿ, "ಯೇ ಕ್ಯಾ? ಖಾನಾ?" ಎಂದರು, ಇದೇನು, ತಿನ್ನಲಿಕ್ಕೋ ಎಂದು. ಈ ಊರಿನ ಹಳಬರಿಗೆ ಹಿಂದಿ ಬರುತ್ತದೆ. ನಮ್ಮ ಹಿಂದಿಗಿಂತ ಅದೇನೂ ಕಡೆಯಲ್ಲ. ತಮ್ಮ ನಾಳೆ ಕಡಲಿಗೆ ಹೋಗುತ್ತಾನೆ, ಹಿಂದೆ ಒಮ್ಮೆ ಮುಳುಗಿ ಬದುಕಿದವನು, ಅವನಿಗಾಗಿ ಇದನ್ನು ಕಡಲಿಗೆ ಕೊಡಬೇಕು ಎಂದು ನಮ್ಮವರು ಹೇಳಿದರು. ಅಬು ಜಾಸಿಮ್ ನಗುತ್ತಾರೇನೋ ಎಂದುಕೊಂಡೆ. ಅವರು ಬುಟ್ಟಿಯನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತರು. ತಮ್ಮ ಅಜ್ಜಿಯ ಕಾಲದಲ್ಲಿ, ಮುತ್ತಿಗಾಗಿ ಮುಳುಗಲು ಹೋದ ಗಂಡಸರು ತಿಂಗಳುಗಟ್ಟಲೆ ಬಾರದಿದ್ದಾಗ, ಹೆಂಗಸರೆಲ್ಲ ದಡಕ್ಕೆ ಹೋಗಿ, ಉರಿಯುವ ಖರ್ಜೂರದ ಗರಿಯನ್ನು ನೀರಿಗೆ ಅದ್ದಿ, ಸಾಕು ಇನ್ನು, ಕಳಿಸಿಕೊಡು ಎಂದು ಕಡಲನ್ನು ಗದರಿಸುತ್ತಿದ್ದರಂತೆ.

"ತುಮ್ ಲೋಗ್ ನಾರಿಯಲ್ ದೇತಾ, ಹಮಾರಾ ದಾದಿ ಆಗ್ ದೇತಾ," ಎಂದು ಆಮೇಲೆ ನಕ್ಕರು. ನಾವು ಕೊಡುವುದು ಕಾಯಿ, ಅವರ ಅಜ್ಜಿ ಕೊಡುತ್ತಿದ್ದದ್ದು ಬೆಂಕಿ.

ಅಜ್ಜಿ ಎಲ್ಲಿ ನಿಲ್ಲುತ್ತಿದ್ದರು ಎಂದು ನಾನು ಕೇಳಿದೆ. ನನ್ನ ಕುತೂಹಲ ಎಲ್ಲಿ ಬಿಡುತ್ತದೆ! ಅವರು ದೂರದ ಗೋಪುರಗಳ ಕಡೆಗೆ ಗದ್ದ ಎತ್ತಿ, "ಉಧರ್. ಅಭಿ ಪಾರ್ಕಿಂಗ್," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ; ಅಳಿಯನ ಕಾರು ಅಲ್ಲೇ ನಿಲ್ಲುತ್ತದೆ ಎಂದೂ ಸೇರಿಸಿದರು. ನಮ್ಮ ಪೂಜೆ ಗೀಜೆ ತಮಗೆ ಗೊತ್ತಿಲ್ಲ, ಸಾಮಾನು ತಲುಪಿಸುವುದು ಗೊತ್ತು ಎಂದು ಕೈ ಚಾಚಿದರು. ನಾನು ಕಾಯಿ ಕೊಟ್ಟೆ. ದೋಣಿ ತೋಡಿನಲ್ಲಿ ಸಾಗಿ, ಕೆಸರು ದಾಟಿ, ನಿಜವಾದ ಅಲೆಗಳ ಮೇಲೆ ಮೂತಿ ಎತ್ತಿ ಇಳಿಸಿ ಕುಣಿಯತೊಡಗಿತು. ಬಹಳ ಮುಂದೆ ಹೋಗಿ ಅವರು ಎಂಜಿನ್ ನಿಲ್ಲಿಸಿದರು, ಬಗ್ಗಿದರು. ಎಸೆಯಲಿಲ್ಲ, ಎರಡೂ ಕೈಯಲ್ಲಿ ಹಿಡಿದು ನೀರಿನ ಮೇಲೆ ಇಟ್ಟರು. ಆಮೇಲೆ ನಮ್ಮ ಕಡೆಗೆ ಕೈ ಎತ್ತಿದರು. ಅವರ ಹಿಂದೆ, ಧೂಳು ಕವಿದ ಆಕಾಶದಲ್ಲಿ, ನೂಲಹುಣ್ಣಿಮೆಯ ಚಂದ್ರ ಕೆಂಪಗೆ ಮೇಲೆ ಬರುತ್ತಿದ್ದ. ಇಬ್ಬರೂ ಅಲ್ಲಿಯೇ ಕೆಸರಿನ ಅಂಚಿನಲ್ಲಿ ನಿಂತು ಕೈಮುಗಿದೆವು.

ಕಾರಿನಲ್ಲಿ ಕೂತು ಊರಿಗೆ ಫೋನ್ ಮಾಡಿದೆವು. ಎಲ್ಲ ಚೆನ್ನಾಗಿ ಆಯಿತು ಎಂದು ನಾನು ಶುರು ಮಾಡುವಷ್ಟರಲ್ಲಿ, ತಾಯಿಯ ಹತ್ತಿರ ಒಂದು ಸುಳ್ಳನ್ನೂ ಪೂರ್ತಿ ಹೇಳಲಾಗದ ನಮ್ಮ ಮಹಾನುಭಾವರು, "ಅಮ್ಮಾ, ಮೊದಲ ಸಲ ಕೊಟ್ಟದ್ದು ತಿರುಗಿ ಬಂತು," ಎಂದು ಒದರಿಬಿಟ್ಟರು. ಆ ಕಡೆಯಿಂದ ಅತ್ತೆಯ ದನಿ ಬಂತು, ಸಣ್ಣಗೆ.

"ನಂದೂ ಬಂತು ಮಗಾ."

ಸಂಜೆ ಅವರು ಕೊಟ್ಟ ಕಾಯಿಯನ್ನು ಅಲೆ ತಂದು ಅವರ ಕಾಲ ಬಳಿಯೇ ಹಾಕಿತಂತೆ. ಮತ್ತೆ ಕೊಟ್ಟರಂತೆ, ಮತ್ತೆ ತಂದು ಹಾಕಿತಂತೆ. ನಮಗೆ ಗೊತ್ತಾದರೆ ಹೆದರುತ್ತೇವೆ ಎಂದು ಅವರೂ ಬಾಯಿ ಹೊಲಿದುಕೊಂಡು ಕೂತಿದ್ದರು.

"ಮತ್ತೆ ಎಂತ ಮಾಡಿದ್ರಿ ಅತ್ತೆ?" ಎಂದು ಕೇಳಿದೆ. ಅದೇ ನನ್ನ ಹಳೆಯ ಪ್ರಶ್ನೆ.

"ಎಂತ ಮಾಡುವುದು? ಸೊಂಟದವರೆಗೆ ಇಳಿದು ಕೊಟ್ಟೆ. ಆಗ ತಕೊಂಡಿತು. ನಿನ್ನ ಮಾವ ಇರುವಾಗಲೂ ಎಷ್ಟು ಸಲ ಬಂದಿಲ್ಲ? ಅದು ಕಡಲು ಮಗಳೇ, ಡಬ್ಬಿಯಾ, ಹಾಕಿದ ಕೂಡಲೇ ಒಳಗೆ ಇಟ್ಕೊಳ್ಳಲಿಕ್ಕೆ? ಬಂದ್ರೆ ಇನ್ನೂ ಸ್ವಲ್ಪ ಮುಂದೆ ಹೋಗಿ ಕೊಡುವುದು."

ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿ ಅವರು ಬಚ್ಚಿಟ್ಟುಕೊಂಡಿದ್ದ ಉತ್ತರ ಇಷ್ಟೇ ಆಗಿತ್ತು. ಈಜು ಬಾರದ, ಮಂಡಿನೋವಿನ ಆ ಹೆಂಗಸು ಆಗಸ್ಟಿನ ಮಲ್ಪೆಯ ಅಬ್ಬರದ ನೀರಿನಲ್ಲಿ ಸೊಂಟದವರೆಗೆ ನಿಂತದ್ದನ್ನು ನೆನೆದು ನಾನು ಕಾರಿನಲ್ಲೇ ಅತ್ತುಬಿಟ್ಟೆ. ನಮ್ಮವರು ಹೊರಗಿನ ದೋಣಿಗಳನ್ನು ಎಣಿಸುವವರ ಹಾಗೆ ಮುಖ ತಿರುಗಿಸಿ ಕೂತರು. ಮರುದಿನ ದಿನೇಶ ಇಳಿದ. ಮಧ್ಯಾಹ್ನದ ಹೊತ್ತಿಗೆ ಒಂದು ಬುಟ್ಟಿ ಬಂಗುಡೆಯ ಫೋಟೋ ಬಂತು, ಅದರ ಮೂಲೆಯಲ್ಲಿ ಅವನ ಒದ್ದೆ ಹೆಬ್ಬೆರಳು. ಆ ಹೆಬ್ಬೆರಳನ್ನು ನಾನು ದೊಡ್ಡದು ಮಾಡಿ ಮಾಡಿ ನೋಡಿದೆ.

ಇದೀಗ ಇನ್ನೊಂದು ಹುಣ್ಣಿಮೆ ಹತ್ತಿರ ಬಂದಿದೆ. ಕಿಟಕಿಯ ಕಾಯಿಯನ್ನು ಆಗಾಗ ಎತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತೇನೆ. ಒಳಗಿನ ನೀರು ಸರಿಯಾಗಿದೆ. ನಿನ್ನೆ ಸಿತ್ರಾದ ಕಡೆ ಕೆಲಸಕ್ಕೆ ಹೋಗಿ ಬಂದ ನಮ್ಮವರು, ಅಬು ಜಾಸಿಮರ ದಡದ ಪಕ್ಕದಲ್ಲಿ ತಗಡಿನ ಗೋಡೆಗೆ ಕಂಬ ನೆಡುತ್ತಿದ್ದಾರೆ ಎಂದು ಸುದ್ದಿ ತಂದರು. ಯಾವ ಚಿತ್ರ ಬರೆಸುತ್ತಾರೋ ನೋಡುವ ಆಸೆ ನನಗೆ. ನಾನು ಎಂತ ಹೇಳುತ್ತೇನೋ ಎಂದು ಅವರು ಬಾಗಿಲಲ್ಲೇ ಚಪ್ಪಲಿ ಬಿಚ್ಚದೆ ನಿಂತಿದ್ದರು. ನಾನು ಕಾಯಿಯನ್ನು ಕಿಟಕಿಯಲ್ಲಿಟ್ಟು, ಅದರ ಜುಟ್ಟು ನೇರ ಮಾಡಿ, "ಇನ್ನೂ ಸ್ವಲ್ಪ ಮುಂದೆ ಹೋಗಿ ಕೊಡುವುದು," ಎಂದೆ.